ಮಿಷನ್ನಿನ ಹಣೆ

ಸತ್ಯಮಂಗಲದ ಸಣ್ಣದೊಂದು ಫೌಂಡ್ರಿಯಲ್ಲಿ ನಾನು ಲ್ಯಾಬ್ ಅಸಿಸ್ಟೆಂಟ್. ಕುಲುಮೆಯಿಂದ ಬಂದ ಕಬ್ಬಿಣದ ಬಿಲ್ಲೆಯನ್ನು ಗ್ರೈಂಡರಿಗೆ ಹಿಡಿದು, ಮಿಷನ್ನಿನ ತೂತಿನ ಮೇಲಿಟ್ಟು ಗುಂಡಿ ಒತ್ತುವುದು ನನ್ನ ಕೆಲಸ. ಕಿಡಿ ಹಾರುತ್ತದೆ, ಒಳಗಿನ ಆರ್ಗಾನ್ ಅನಿಲ ಪ್ಲಾಸ್ಮಾ ಆಗುತ್ತದೆ, ಬಿಲ್ಲೆಯಲ್ಲಿ ಏನೇನು ಎಷ್ಟಿದೆ ಎಂಬುದು ಪರದೆಯ ಮೇಲೆ ಬರುತ್ತದೆ. ಹೇಗೆಂದು ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುವ ಲ್ಯಾಬ್ ಮೇಡಂ ನಾಲ್ಕು ಸಲ ಹೇಳಿಕೊಟ್ಟಿದ್ದರು.

“ಆ ಶಾಖಕ್ಕೆ ಲೋಹದ ಪರಮಾಣು ಒಂದು ಎಲೆಕ್ಟ್ರಾನ್ ಕಳ್ಕೊಂಡು ಅಯಾನ್ ಆಗುತ್ತೆ ಕಣೋ. ಉಳಿದಿದ್ರಲ್ಲಿ ಒಂದು ಮೇಲಿನ ಮೆಟ್ಟಿಲಿಗೆ ಹಾರುತ್ತೆ. ಅದೇ ಉದ್ರೇಕಿತ ಸ್ಥಿತಿ. ಅಲ್ಲಿ ನಿಲ್ಲಕ್ಕಾಗದೆ ಕೆಳಗೆ ಬೀಳುವಾಗ ಬೆಳಕು ಕೊಡುತ್ತೆ. ಒಂದೊಂದು ಲೋಹಕ್ಕೂ ಅದರದ್ದೇ ಬಣ್ಣ.”

“ಮನೇಲಿ ಒಬ್ಬ ಕಳೆದುಹೋಗಿದಾನೆ, ಇನ್ನೊಬ್ಬ ಯಾಕೆ ಮೇಡಂ ಅಟ್ಟ ಹತ್ತುತಾನೆ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಆಚೆ ಹೋದ ಮೇಲೆ ಅವರ ಮಾತಿನ ಜೊತೆ ಅದನ್ನೂ ಕುಲುಮೆಯವರಿಗೆ ಅಣಕಿಸಿ ತೋರಿಸಿದೆ. ಪಾಠ ತಲೆಗೆ ಹೋಗಿರಲಿಲ್ಲ, ಧ್ವನಿ ಮಾತ್ರ ಬಾಯಿಗೆ ಬಂದಿತ್ತು. ನನ್ನ ಡಿಗ್ರಿ ಮುಗಿದದ್ದೂ ಹಾಗೆಯೇ.

ಆಯುಧಪೂಜೆಯ ರಜೆ ಮುಗಿದ ಬೆಳಿಗ್ಗೆ, ಮೊದಲ ಎರಡು ಬಿಲ್ಲೆಗಳಲ್ಲೂ ಕ್ಯಾಲ್ಸಿಯಂ ವಿಪರೀತ. ಕ್ಯಾಲ್ಸಿಯಂ ಇರುವ ಪುಡಿಯನ್ನು ಕರಗಿದ ಕಬ್ಬಿಣಕ್ಕೆ ಹಾಕುವವರು ಕುಲುಮೆಯ ಅಣ್ಣ, ಗುಬ್ಬಿ ಕಡೆಯ ಹಾಗಲವಾಡಿಯವರು. ಹಬ್ಬದ ಮಂಪರಿನಲ್ಲಿ ಕೈ ತಪ್ಪಿದೆ ಎಂದು ಎಲ್ಲರೂ ತೀರ್ಮಾನಿಸಿದರು. ಮೂರನೆಯದೂ ಹೀಗೇ ಬಂದರೆ ಅವರನ್ನು ಕುಲುಮೆಯಿಂದ ತೆಗೆದು ಎರಕ ಉಜ್ಜುವ ಕಡೆಗೆ ಹಾಕುವುದೆಂದಾಯಿತು.

ಅಣ್ಣ ಲ್ಯಾಬಿನ ಬಾಗಿಲಲ್ಲಿ ನಿಂತರು. “ಏನ್ಲಾ, ಹನ್ನೆರಡು ವರ್ಷದಲ್ಲಿ ಒಂದ್ ದಿನ ಜಾಸ್ತಿ ಹಾಕಿದೀನಾ? ನಿನ್ ಮಿಷನ್ನೇ ಕೇಳು.”

ಮೇಡಂ ಊಟಕ್ಕೆ ಹೋದಾಗ ಮಿಷನ್ನನ್ನು ಕೇಳಿಯೇಬಿಟ್ಟೆ. ಯಾವುದು ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಮಾದರಿ ಬಿಲ್ಲೆಯೊಂದಿದೆ. ಬೆಳಿಗ್ಗೆ ಬಂದ ಕೂಡಲೇ ಮಿಷನ್ನಿಗೆ ಅದನ್ನೇ ಇಡಬೇಕು, ಆತುರದಲ್ಲಿ ಬಿಟ್ಟಿದ್ದೆ. ಈಗ ಇಟ್ಟರೆ ಅದರಲ್ಲೂ ಕ್ಯಾಲ್ಸಿಯಂ ವಿಪರೀತ! ಬಾಗಿ ನೋಡಿದೆ. ತೂತಿನ ಅಂಚಿಗೆ ನನ್ನದೇ ಮೂರು ಬೆರಳಿನ ವಿಭೂತಿ. ಪೂಜೆಯ ದಿನ ಎಲ್ಲ ಮಿಷನ್ನಿಗೂ ಬಳಿಯುತ್ತ ಬಂದವನು, ಇದಕ್ಕೆ ಹಣೆ ಯಾವುದೆಂದು ತಿಳಿಯದೆ ಅಲ್ಲೇ ಬಳಿದಿದ್ದೆ. ವಿಭೂತಿಯಲ್ಲಿ ಸುಣ್ಣ, ಸುಣ್ಣದಲ್ಲಿ ಕ್ಯಾಲ್ಸಿಯಂ. ಅದು ಒಣಗಿ ಒಳಗೂ ಉದುರಿತ್ತು.

ಒರೆಸಿ ಸುಮ್ಮನಾದರೆ ಮೂರನೆಯ ಬಿಲ್ಲೆ ಸರಿಯಾಗುತ್ತದೆ. ಅಣ್ಣ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಆದರೆ ಬೆಳಗಿನ ಎರಡು ತಪ್ಪೂ ಅವರ ತಲೆಯ ಮೇಲೆಯೇ ಇರುತ್ತವೆ. ಒರೆಸಲು ಹಿಡಿದ ಬಟ್ಟೆಯನ್ನು ಮೇಜಿನ ಮೇಲಿಟ್ಟೆ.

ಕೊನೆಗೆ ಕುಲುಮೆಗೆ ಹೋಗಿ ಅಣ್ಣನಿಗೆ ಹೇಳಿದೆ. ಗಾಬರಿಗೆ ಬಾಯಿಂದ ಬಂದದ್ದು ಮೇಡಂ ಧ್ವನಿ. “ಕ್ಯಾಲ್ಸಿಯಂ ಅಯಾನು ಉದ್ರೇಕಿತ ಸ್ಥಿತಿಗೆ ಹೋಗಿ…”

“ಬುಡ್ಲಾ! ನನ್ ಹೊಟ್ಟೆ ಉರೀತಾ ಅದೆ, ನಿಂಗೆ ನಾಟ್ಕ.”

ಊಟ ಮುಗಿಸಿ ಬಂದ ಮೇಡಂಗೂ ಹೇಳಿದೆ. ತೂತನ್ನು ಒಳಗೂ ಹೊರಗೂ ಚೊಕ್ಕ ಮಾಡಿಸಿ, ಮಾದರಿಯನ್ನೂ ಬೆಳಗಿನ ಎರಡು ಬಿಲ್ಲೆಗಳನ್ನೂ ಮತ್ತೆ ಇಡಿಸಿದರು. ಮೂರೂ ಸರಿಯಾಗಿ ಬಂದವು. ತಪ್ಪು ಯಾರದೆಂದು ರಿಪೋರ್ಟಿನಲ್ಲಿ ನನ್ನ ಕೈಯಲ್ಲೇ ಬರೆಸಿದರು.

ಅಣ್ಣ ಅದನ್ನು ಇಸಿದುಕೊಂಡು, ನನ್ನ ತೋಳು ಹಿಡಿದು ಕುಲುಮೆಯ ಬಳಿಗೆ ಕರೆದೊಯ್ದರು. “ಎಲ್ರಿಗೂ ಕೇಳಂಗೆ ಓದ್ಲಾ.”

ಓದಿದೆ. ಯಾರೋ, “ವಿಭೂತಿ ಹೆಂಗ್ಲಾ ಕಬ್ಬಿಣದ ಲೆಕ್ಕಕ್ಕೆ ಬತ್ತದೆ?” ಎಂದರು. ಮೆಟ್ಟಿಲು, ಅಟ್ಟ, ಬೆಳಕು ಎಲ್ಲ ಕಲಸಿ ಏನೋ ಹೇಳಹೊರಟೆ.

“ಅದು ಅವ್ನಿಗೂ ಗೊತ್ತಿಲ್ಲ ಕಣ್ರಪ್ಪಾ,” ಎಂದು ಅಣ್ಣ ಕೈಗವಸು ಹಾಕಿಕೊಂಡರು. “ನಂದಲ್ಲ ಅಂತ ಗೊತ್ತಾಯ್ತಲ್ಲ. ದೂರ ನಿಂತ್ಕಳಿ, ಕಬ್ಬಿಣ ಹುಯ್ಬೇಕು.”