ಸೂಪರ್‌ಚಾರ್ಜರ್ ಮತ್ತು ಎದುರುಮನೆಯ ಅನ್ನ

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಪಿಕಪ್‌ನ ಸೂಪರ್‌ಚಾರ್ಜರ್ ತೆಗೆಸಲು ಮೆಕ್ಯಾನಿಕ್ ಬಾಷಾನನ್ನು ಮತ್ತಿಕೆರೆಯ ಮನೆಗೇ ಕರೆಸಿದ್ದೆ. ಎಂಜಿನ್ನಿಗೆ ಗಾಳಿ ತುರುಕಿ ಗಾಡಿಗೆ ಜೋರು ಕೊಡುವ ಈ ಯಂತ್ರವನ್ನು ಹಳೆಯ ಮಾಲೀಕ ಹಾಕಿಸಿದ್ದ. ಯಲಹಂಕದಿಂದ ದ್ರಾಕ್ಷಿ ಸಾಗಿಸುವ ನನಗೆ ಅಷ್ಟು ಜೋರು ಯಾಕೆ?

“ಬರೀ ಪೆಟ್ರೋಲ್ ಕುಡಿಯುತ್ತೆ ಗುರು, ಮೇಲೆ ಈ ಕೀರಲು ಸದ್ದು ಬೇರೆ. ಬಿಚ್ಚಾಕ್ತೀನಿ,” ಎಂದು ಬಾಷಾ ಸ್ಪ್ಯಾನರ್ ಹಿಡಿದ.

ಎದುರುಮನೆಯ ಕಮಲಮ್ಮ ಕಾಂಪೌಂಡಿನಿಂದಲೇ ಕೂಗಿದರು. “ಅಯ್ಯೋ, ತೆಗೀಬೇಡ್ರೀ! ಸಾಯಂಕಾಲ ಆ ಸದ್ದು ತಿರುವಲ್ಲಿ ಕೇಳಿದ್ಮೇಲೇ ನಾನು ಅನ್ನಕ್ಕಿಡೋದು. ನಮ್ಮೆಜಮಾನ್ರು ಬರೋ ಹೊತ್ತಿಗೆ ಬಿಸಿಬಿಸಿ ಇರುತ್ತೆ.”

ಆರು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು ಇದು. ನಾನು ಬರುವುದನ್ನೂ ಒಬ್ಬರು ಕಿವಿಗೊಟ್ಟು ಕಾಯುತ್ತಾರೆ ಎಂದುಕೊಂಡು ಬಾಷಾನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡೆ.

“ಇರ್ಲಿ ಬಿಡು ಬಾಷಾ,” ಎಂದೆ.

“ತುಂಬಾ ಉಪಕಾರ ಆಯ್ತು. ಅಂದ ಹಾಗೆ, ನಿಮ್ಮ ಹೆಸರೇನು?” ಎಂದರು ಕಮಲಮ್ಮ. ನಾನು ಹೇಳುವಷ್ಟರಲ್ಲಿ ಒಳಗೆ ಹಾಲು ಉಕ್ಕಿತು, ಓಡಿದರು.

ಸಂಜೆ ತಿರುವಿನಲ್ಲಿ ಬೇಕೆಂದೇ ಆಕ್ಸಿಲರೇಟರ್ ಒತ್ತಿದೆ. ಎದುರುಮನೆಯಲ್ಲಿ ಸೀಮೆಎಣ್ಣೆ ಸ್ಟೌ ಹತ್ತಿದ ಸದ್ದು ಕೇಳಿಸಿತು. ನಾನು ಬೀಗ ತೆಗೆದು ಒಳಗೆ ಹೋಗಿ, ನಿನ್ನೆಯ ಬ್ರೆಡ್ ತಿಂದೆ.