ಬೀಗರ ಪಾಲಿಗೆ ಬಂದ ಕಪ್ಪು

ಸ್ನೇಹಿತರೇ, ತಂಗಿಯ ನಿಶ್ಚಿತಾರ್ಥದಲ್ಲಿ ನಾನು ತೆಗೆದಿದ್ದ ಒಂದೇ ಒಂದು ಗ್ರೂಪ್ ಫೋಟೋವನ್ನು ಇವತ್ತು ಮುಳಬಾಗಿಲಿನ ಬೀಗರಿಗೆ ಕೊಟ್ಟೆ. ಹುಡುಗನ ತಂದೆ ಕನ್ನಡಕ ಏರಿಸಿ ನೋಡಿದರು.

"ಏನಪ್ಪಾ, ನಿಮ್ಮೋರೆಲ್ಲ ಫಳಫಳ ಅಂತವ್ರೆ. ನಮ್ಮೋರು ನಿಂತಿರೋ ಕಡೆ ಮಸಿ ಬಳ್ದಂಗೈತಲ್ಲ?"

ತಪ್ಪು ನನ್ನದೇ. ನನ್ನ ಹಳೇ ಕ್ಯಾಮೆರಾದಲ್ಲಿ ಲೆನ್ಸಿನ ಬುಡದ ರಿಂಗು ಅಪರ್ಚರಿನದು, ಅಂದರೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವುದು. ಹೊಸದರಲ್ಲಿ ಅದೇ ಜಾಗದ ರಿಂಗು ಶಟರ್ ತೆರೆದು ಮುಚ್ಚುವ ವೇಗದ್ದು. ಅವತ್ತು ಮಧ್ಯದಲ್ಲಿ ಕ್ಯಾಮೆರಾ ಬದಲಿಸಿದೆ, ಕೈ ಮಾತ್ರ ಹಳೇ ಅಭ್ಯಾಸದಲ್ಲೇ ತಿರುಗಿಸಿತು. ವೇಗ ಹೆಚ್ಚಾಗಿ, ಫ್ಲಾಶ್ ಮಿಂಚುವಾಗ ಶಟರ್ ಪೂರ್ತಿ ತೆರೆದಿರದೆ, ಬೆಳಕು ಅರ್ಧ ಫಿಲಮ್ಮಿಗಷ್ಟೇ ಬಿತ್ತು.

ಇಷ್ಟನ್ನೂ ವಿವರಿಸಿದೆ. ಸಮಾಧಾನವಾಗಿ ಕೇಳಿಸಿಕೊಂಡರು.

"ಆಯ್ತು ಬಿಡಪ್ಪ. ಮದ್ವೇಲಿ ನೀವು ಆ ಮಸಿ ಕಡೆ ನಿಂತ್ಕೊಳ್ಳಿ, ನಾವು ಈ ಕಡೆ ನಿಂತ್ಕೊತೀವಿ."

ಮದುವೆಗೆ ಒಂದೇ ಕ್ಯಾಮೆರಾ ತರುತ್ತೇನೆ, ಯಾರೂ ಕಪ್ಪಾಗುವುದಿಲ್ಲ ಎಂದೆ. ಅವರ ಮುಖ ಸಪ್ಪಗಾಯಿತು.