ಎರವಲು ತಂದ ಗ್ರೇಡ್

ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ನಾನು ಲೈಬ್ರರಿಯನ್. ಕಾಲೇಜುಗಳಿಗೆ ಎ, ಬಿ, ಸಿ ಎಂದು ಗ್ರೇಡ್ ಕೊಡುವ ಕಮಿಟಿ ಬರುತ್ತದೆಂದು ತಿಳಿದ ದಿನದಿಂದ ನಮ್ಮ ಪ್ರಿನ್ಸಿಪಾಲರು ನೆಟ್ಟಗೆ ಊಟ ಮಾಡಲಿಲ್ಲ. ವರ್ಷಗಟ್ಟಲೆ ಬಾಗಿಲಿಲ್ಲದಿದ್ದ ಶೌಚಾಲಯಕ್ಕೆ ಹದಿನೈದೇ ದಿನದಲ್ಲಿ ಬಾಗಿಲು ಬಂತು. ಗೋಡೆಗೆ ಬಣ್ಣ ಬಂತು. ನನ್ನ ರ‍್ಯಾಕುಗಳು ಮಾತ್ರ ಅರ್ಧ ಖಾಲಿ.

“ಎಲ್ಲಿಂದಾದ್ರೂ ತಂದು ತುಂಬ್ಸ್ರೀ,” ಎಂದರು ಪ್ರಿನ್ಸಿಪಾಲರು.

ಅರಕಲಗೂಡು ಕಡೆಯ ಇನ್ನೊಂದು ಕಾಲೇಜಿನ ಪ್ರಿನ್ಸಿಪಾಲರು ಇವರ ಸ್ನೇಹಿತರು. ಫೋನಿನಲ್ಲೇ ಮಾತು ಮುಗಿಯಿತು. ಅಲ್ಲಿನ ಲೈಬ್ರರಿಯನ್ ಕಟ್ಟಾಯದ ಹೆಣ್ಣುಮಗಳು. ಹತ್ತು ವರ್ಷದಿಂದ ದಿನಾ ಎರಡು ಬಸ್ಸು ಹತ್ತಿ ಬರುತ್ತಿದ್ದವಳು, ಇನ್ನೂ ತಾತ್ಕಾಲಿಕ. ಆಟೋಗೆ ದಪ್ಪ ದಪ್ಪ ಪುಸ್ತಕಗಳನ್ನು ಹೇರಿಸುತ್ತಾ ಹೇಳಿದಳು: “ಮುಂದಿನ ತಿಂಗ್ಳು ನಮ್ಗೂ ಕಮಿಟಿ ಐತೆ ಸಾ. ಗ್ರೇಡ್ ಮ್ಯಾಲಕ್ಕೆ ಬಂದ್ರೆ ಖಾಯಂ ಮಾಡ್ತೀವಿ ಅಂದವ್ರೆ. ಒಂದು ಚೀಟಿ ಬರ್ಕೊಟ್ಬುಡಿ, ತಗಂಡೋಗಿದೀನಿ ಅಂತ.”

ನಾನು ನಕ್ಕುಬಿಟ್ಟೆ. “ಅಲ್ಲಮ್ಮಾ, ನಮ್ಮೂರಲ್ಲಿ ಮದುವೆಗೆ ಕೊಪ್ಪರಿಗೆ ಕೊಡೋವಾಗ ಯಾರಾದ್ರೂ ಚೀಟಿ ಕೇಳ್ತಾರಾ?”

ಅವಳೂ ನಕ್ಕಳು. ಚೀಟಿಯ ಮಾತು ಅಲ್ಲಿಗೇ ನಿಂತಿತು.

ಕಮಿಟಿ ಬಂತು. ಮೂವರು. ರ‍್ಯಾಕಿನ ಮುಂದೆ ನಿಂತರು, ಫೋಟೋ ತೆಗೆಸಿಕೊಂಡರು, “ವೆರಿ ಗುಡ್” ಅಂದರು, ಊಟಕ್ಕೆ ನಡೆದರು. ಅಯ್ಯೋ ಶಿವನೇ, ಒಬ್ಬರಾದರೂ ಒಂದು ಪುಸ್ತಕ ಎಳೆದು ನೋಡಲಿಲ್ಲ! ನೋಡಿದ್ದರೆ ಮೊದಲ ಪುಟದಲ್ಲೇ ಬೇರೆ ಕಾಲೇಜಿನ ಸೀಲು. ಬೆಳಗಿನಿಂದ ಹೆದರಿಕೊಂಡೇ ಇದ್ದ ನಾನು ಬೆಪ್ಪನಂತೆ ನಿಂತಿದ್ದೆ. ನಮಗೆ ಎ ಗ್ರೇಡ್ ಬಂತು.

ಪುಸ್ತಕಗಳನ್ನು ಕಮಿಟಿ ಹೋದ ಮಾರನೆಯ ದಿನವೇ ಕಳಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ದೊಡ್ಡಗದ್ದವಳ್ಳಿಯ ಮನೆಯಲ್ಲಿ ಬೆಳೆದವನು. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಿದರೆ ನನ್ನಜ್ಜಿ ಬೈಯುತ್ತಿದ್ದಳು. ಒಂದು ಹಿಡಿ ಅಕ್ಕಿಯೋ, ಅಚ್ಚು ಬೆಲ್ಲವೋ ಹಾಕಿಯೇ ಕೊಡಬೇಕು. ಈ ಪುಸ್ತಕಗಳೋ, ಬೆನ್ನು ಹರಿದು ಹಾಳೆ ಉದುರುತ್ತಿದ್ದವು. ಹೊಸ ರಟ್ಟು ಹಾಕಿಸಿಯೇ ಕೊಡೋಣ, ಆ ಹುಡುಗಿ ಕುಣಿದಾಡುತ್ತಾಳೆ ಅಂದುಕೊಂಡೆ. ಅವಳಿಗೆ ಹೇಳಲೂ ಇಲ್ಲ. ಅಷ್ಟನ್ನೂ ಚನ್ನರಾಯಪಟ್ಟಣದ ಬೈಂಡರ್ ಹತ್ತಿರ ಹಾಕಿ ಬಂದೆ.

ನಾಲ್ಕನೆಯ ದಿನ ಅವಳ ಫೋನು. “ಸಾ, ಕಮಿಟಿ ಮುಂಚೇನೇ ಬತ್ತದಂತೆ. ನಾಳೇನೇ. ಪುಸ್ತಕ ಈಗ್ಲೇ ಕಳ್ಸ್ಬುಡಿ ಸಾ.”

ಬೈಕ್ ಹತ್ತಿ ಚನ್ನರಾಯಪಟ್ಟಣಕ್ಕೆ ಓಡಿದೆ. ಬೈಂಡರ್ ಪುಸ್ತಕಗಳ ರಟ್ಟು ಕಿತ್ತು, ಹೊಲಿಗೆ ಬಿಚ್ಚಿ, ಹಾಳೆಗಳನ್ನು ನೆಲದ ತುಂಬಾ ಗುಡ್ಡೆ ಹಾಕಿದ್ದ. ಒಂದೂ ಇಡಿಯಾಗಿರಲಿಲ್ಲ. “ಹದಿನೈದು ದಿನ ಬೇಕು ಸಾ, ನೀವೇ ನೀಟಾಗಿ ಮಾಡು ಅಂದ್ರಲ್ಲಾ,” ಅಂದ. ಹೊರಗೆ ಬಂದು ಅವಳಿಗೆ ಫೋನಿನಲ್ಲಿ ಹೇಳಿದೆ. “ಆಯ್ತು ಸಾ,” ಎಂದು ಫೋನಿಟ್ಟಳು.

ಖಾಲಿ ರ‍್ಯಾಕಿನ ಮುಂದೆ ನಿಂತು, ಪುಸ್ತಕ ಬೈಂಡಿಂಗಿಗೆ ಹೋಗಿವೆ ಎಂದು ಮಾರನೆಯ ದಿನ ಕಮಿಟಿಗೆ ಹೇಳಿದಳಂತೆ. ನಿಜವನ್ನೇ ಹೇಳಿದಳು! ಕಮಿಟಿಯವರು ನಕ್ಕರಂತೆ. ಎಲ್ಲಿ, ಕಾಗದ ತೋರಿಸಿ, ಎಂದರಂತೆ. ಅವಳ ಹತ್ತಿರ ಏನಿತ್ತು ತೋರಿಸಲು? ಪಕ್ಕದಲ್ಲೇ ನಿಂತಿದ್ದ ಅವಳ ಪ್ರಿನ್ಸಿಪಾಲರು ತಮಗೇನೂ ಗೊತ್ತಿಲ್ಲ ಎಂದುಬಿಟ್ಟರಂತೆ. ಥೂ! ಅವರ ಕಾಲೇಜಿಗೆ ಸಿ ಬಂತು. ಮುಂದಿನ ತಿಂಗಳಿನಿಂದ ಬರಬೇಡ ಎಂದು ಅವಳಿಗೆ ಹೇಳಿದರು. ನಾನು ಆ ಪ್ರಿನ್ಸಿಪಾಲರ ಹತ್ತಿರ ಹೋಗಿ ತಪ್ಪು ನನ್ನದೆಂದೆ. ಚೀಟಿ ಬರೆದುಕೊಡುತ್ತೇನೆ ಎಂದೂ ಅಂಗಲಾಚಿದೆ. ಈಗ ಬರೆದದ್ದು ನಡೆಯುವುದಿಲ್ಲ ಎಂದರು.

ಅವಳ ಕೊನೆಯ ವಾರದಲ್ಲಿ ಪುಸ್ತಕ ತಲುಪಿಸಲು ಹೋದೆ. ಕೆಂಪು ರಟ್ಟು, ಬೆನ್ನ ಮೇಲೆ ಹೊಂಬಣ್ಣದ ಅಕ್ಷರ. ಅವಳು ಒಂದೊಂದನ್ನೂ ಒರೆಸಿ ರ‍್ಯಾಕಿನಲ್ಲಿಟ್ಟಳು. “ಪಸಂದಾಗಿ ಮಾಡ್ಸಿದೀರ ಸಾ,” ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊರಡುವಾಗ ಕರೆದಳು. ನೋಟ್‌ಬುಕ್ಕಿನ ಒಂದು ಹಾಳೆ ಹರಿದು, ಪುಸ್ತಕಗಳೆಲ್ಲ ವಾಪಸ್ ಬಂದಿವೆ ಎಂದು ಬರೆದು, ಸಹಿ ಮಾಡಿ, ಸೀಲು ಒತ್ತಿ ನನ್ನ ಕೈಗಿಟ್ಟಳು.

“ಇಟ್ಕಳಿ ಸಾ. ನಾಳೆ ನಿಮ್ನ ಯಾರಾದ್ರೂ ಕೇಳಿದ್ರೆ, ನಾನಿಲ್ಲಿರಾಕಿಲ್ಲ.”